ಓದುಗರ ಕೇಳ್ವಿ: ಐರ್ಲೆಂಡಿನ ಸ್ವತಂತ್ರ ಬಿಯರ್, ಹಳ್ಳಿಯ ಚೀಸ್, ಮಜ್ಜಿಗೆಯ ಬ್ರೆಡ್

ಡಬ್ಲಿನ್ ನಗರದ ಬಾಲ್ಸ್‌ಬ್ರಿಜ್ ಬಡಾವಣೆಯ ಆರ್‌ಡಿಎಸ್ ಸಭಾಂಗಣದಲ್ಲಿ ನಾನು ನೋಡಿದ ಉತ್ಸವವೊಂದರ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಬರೆದಿದ್ದೆ. ಐರ್ಲೆಂಡಿನ ಸ್ವತಂತ್ರ ಬಿಯರ್ ಮತ್ತು ಸೈಡರ್ (ಹುಳಿಸಿದ ಸೇಬಿನ ಪಾನೀಯ) ತಯಾರಕರು, ಅವರ ಜೊತೆಗೆ ಚೀಸ್, ಬ್ರೆಡ್, ಹೊಗೆಯಾಡಿಸಿದ ಮೀನು ಮುಂತಾದವನ್ನು ಸಣ್ಣ ಪ್ರಮಾಣದಲ್ಲಿ ಮಾಡುವವರು ಒಂದೇ ಸೂರಿನಡಿ ಸೇರುವ ಉತ್ಸವ ಅದು. ಟಿಪ್ಪಣಿಗೆ ಬಂದ ಪತ್ರಗಳ ಸಂಖ್ಯೆ ನೋಡಿದರೆ, ನಾನು ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದೇ ಓದುಗರಿಗೆ ಹೆಚ್ಚು ಬೇಕಾಗಿತ್ತೆಂದು ತೋರುತ್ತದೆ. ಆಯ್ದ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನೀವು ಅದನ್ನು ಉತ್ಸವ ಎನ್ನುತ್ತೀರಿ. ನೂರಾರು ಜನ ಒಂದೆಡೆ ನಿಂತು ಬಿಯರ್ ಕುಡಿಯುವುದಕ್ಕೆ ಅಷ್ಟು ದೊಡ್ಡ ಹೆಸರೇಕೆ? ಅದು ಜಾತ್ರೆಯೋ, ದೊಡ್ಡದೊಂದು ಬಾರೋ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಜಾತ್ರೆ ಎಂಬ ಮಾತೇ ಹೆಚ್ಚು ಹತ್ತಿರವಾದೀತು, ಕೃಷಿ ಮೇಳ ಎಂದರೆ ಇನ್ನೂ ಹತ್ತಿರ. ಆರ್‌ಡಿಎಸ್ ಎಂದರೆ ರಾಯಲ್ ಡಬ್ಲಿನ್ ಸೊಸೈಟಿ; ಬೇಸಾಯ, ಕೈಗಾರಿಕೆ ಮತ್ತು ಕಲೆಗಳ ಏಳಿಗೆಗಾಗಿ 1731ರಲ್ಲಿ ಹುಟ್ಟಿದ ಸಂಸ್ಥೆ. ಅದರ ಅಂಗಳದಲ್ಲಿ ಪ್ರತಿವರ್ಷ ಪ್ರಸಿದ್ಧ ಕುದುರೆ ಪ್ರದರ್ಶನ ನಡೆಯುತ್ತದೆ. ಅಂಥ ಜಾಗದಲ್ಲಿ 2011ರ ಸೆಪ್ಟೆಂಬರ್‌ನಲ್ಲಿ ಮೊದಲ ಬಾರಿಗೆ ದೇಶದ ಸಣ್ಣ ಬಿಯರ್ ತಯಾರಕರು ಒಟ್ಟಾಗಿ ಮಳಿಗೆ ಹಾಕಿದರು. ಮುಂದಿನ ವರ್ಷಗಳಲ್ಲಿ ಸೈಡರ್‌ನವರು, ಆಹಾರದವರು, ಜಿನ್ ಮತ್ತು ವಿಸ್ಕಿ ಭಟ್ಟಿ ಇಳಿಸುವವರು ಬಂದು ಸೇರಿಕೊಂಡರು.

ಬಾರಿಗೂ ಇದಕ್ಕೂ ಇರುವ ವ್ಯತ್ಯಾಸ ಲೋಟ ಹಿಡಿದ ಮೊದಲ ಐದು ನಿಮಿಷದಲ್ಲೇ ತಿಳಿಯುತ್ತದೆ. ಸುರಿದು ಕೊಡುವವನು ಬಹುಪಾಲು ಅದನ್ನು ಮಾಡಿದವನೇ ಆಗಿರುತ್ತಾನೆ, ಇಲ್ಲವೇ ಅವನ ಹೆಂಡತಿಯೋ ತಮ್ಮನೋ ಆಗಿರುತ್ತಾರೆ. ನಾನು ಸ್ಟೌಟ್ ಎಂಬ ಕಪ್ಪು ಬಿಯರಿನ ಮಳಿಗೆಯೊಂದರಲ್ಲಿ, ಇದು ಇಷ್ಟು ಕಪ್ಪಾಗಿರುವುದಕ್ಕೆ ಏನು ಬೆರೆಸುತ್ತೀರಿ ಎಂದು ಕೇಳಿದೆ. ಆತ ಮಾತಿನಲ್ಲಿ ಉತ್ತರಿಸದೆ ಮೇಜಿನ ಕೆಳಗಿನಿಂದ ಒಂದು ಡಬ್ಬಿ ತೆಗೆದು, ನನ್ನ ಅಂಗೈಗೆ ಹತ್ತಿಪ್ಪತ್ತು ಕಾಳು ಸುರಿದು, ಜಗಿಯಿರಿ ಎಂದು ಸನ್ನೆ ಮಾಡಿದ. ಕಾಫಿ ಬೀಜ ಕರಿಯಾಗುವ ಹೊತ್ತಿನಲ್ಲಿ ಚಿಕ್ಕಮಗಳೂರಿನ ಮನೆಗಳ ಅಡುಗೆಮನೆಯಿಂದ ಬರುವ ಘಮ, ಹಿಂದೆಯೇ ಸುಟ್ಟ ರೊಟ್ಟಿಯ ಅಂಚಿನ ಕಹಿ. ಅದು ಮೊಳಕೆ ಬರಿಸದೆ ಹಾಗೆಯೇ ಹುರಿದ ಬಾರ್ಲಿ. ಮೊಳಕೆ ಬರಿಸಿದ ಧಾನ್ಯದ ಮೇಲಿನ ತೆರಿಗೆಯನ್ನು 1880ರಲ್ಲಿ ತೆಗೆದುಹಾಕಿದ ಮೇಲೆ ಅಲ್ಲಿನ ತಯಾರಕರು ಮೊಳಕೆ ಬರಿಸದ ಧಾನ್ಯವನ್ನೂ ಧಾರಾಳವಾಗಿ ಬಳಸಲು ಅವಕಾಶವಾಯಿತು. ಐರಿಶ್ ಸ್ಟೌಟ್‌ನ ಒಣ ಕಹಿಗೆ ಆ ತೆರಿಗೆಯ ಕತೆಯೂ ಕಾರಣ ಎಂಬುದನ್ನು ನಾನು ಕಲಿತದ್ದು ಅಂಗೈಯ ಆ ಕಾಳುಗಳಿಂದ.

ಪ್ರಶ್ನೆ: ಗಿನ್ನೆಸ್ ಬಿಯರ್ ಐರ್ಲೆಂಡಿನದೇ ತಾನೆ? ಹಾಗಿರುವಾಗ ಬೇರೆ ಕೆಲವರು ಮಾತ್ರ ತಮ್ಮನ್ನು "ಸ್ವತಂತ್ರ" ಎಂದು ಕರೆದುಕೊಳ್ಳುವುದೇಕೆ? ಯಾರಿಂದ ಸ್ವತಂತ್ರ?
(ನಿವೃತ್ತ ಉಪನ್ಯಾಸಕರು, ಧಾರವಾಡ)

ಉತ್ತರ: ಬಂದ ಪ್ರಶ್ನೆಗಳಲ್ಲಿ ಇದೇ ಮುಖ್ಯವಾದದ್ದು ಎಂದು ನನಗನಿಸಿತು. ಆರ್ಥರ್ ಗಿನ್ನೆಸ್ 1759ರಲ್ಲಿ ಡಬ್ಲಿನ್ನಿನ ಸೇಂಟ್ ಜೇಮ್ಸಸ್ ಗೇಟ್‌ನಲ್ಲಿ ಹಳೆಯ ಬಿಯರ್ ಕಾರ್ಖಾನೆಯೊಂದನ್ನು ವರ್ಷಕ್ಕೆ 45 ಪೌಂಡ್ ಬಾಡಿಗೆಯ ಮೇಲೆ 9,000 ವರ್ಷಗಳ ಗುತ್ತಿಗೆಗೆ ಹಿಡಿದ. ಕಾರ್ಖಾನೆ ಇಂದಿಗೂ ಅಲ್ಲೇ ಇದೆ. ಆದರೆ 1997ರಿಂದ ಅದರ ಒಡೆತನ ಲಂಡನ್ನಿನಲ್ಲಿ ಮುಖ್ಯ ಕಚೇರಿಯಿರುವ ಡಿಯಾಜಿಯೊ ಕಂಪನಿಯದು. ನಮ್ಮ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಈಗ ಇರುವುದೂ ಅದೇ ಡಿಯಾಜಿಯೊ ಹಿಡಿತದಲ್ಲಿ. ಕಾರ್ಕ್ ನಗರದ ಮರ್ಫಿಸ್ ಸ್ಟೌಟ್ ಡಚ್ ಕಂಪನಿ ಹೈನೆಕೆನ್‌ನದು. 2021ರಲ್ಲಿ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ನ ನಿಯಂತ್ರಣ ಪಡೆದದ್ದೂ ಅದೇ ಹೈನೆಕೆನ್. ಹೀಗಾಗಿ ಡಬ್ಲಿನ್ ಮತ್ತು ಕಾರ್ಕ್‌ನ ಬಿಯರಿನ ಲೆಕ್ಕ ಕೊನೆಗೆ ಹೋಗಿ ಸೇರುವ ಪುಸ್ತಕಕ್ಕೇ ಬೆಂಗಳೂರಿನ ಲೆಕ್ಕವೂ ಹೋಗಿ ಸೇರುತ್ತದೆ.

ಒಡೆತನ ದೂರ ಹೋದಾಗ ಏನಾಗುತ್ತದೆ ಎಂಬುದಕ್ಕೆ ಅಲ್ಲಿ ಎರಡು ಉದಾಹರಣೆಗಳಿವೆ. ಕಾರ್ಕ್‌ನಲ್ಲಿ 1792ರಿಂದ ನಡೆದು ಬಂದಿದ್ದ ಬೀಮಿಷ್ ಅಂಡ್ ಕ್ರಾಫರ್ಡ್ ಕಾರ್ಖಾನೆ 2009ರಲ್ಲಿ ಮುಚ್ಚಿತು. 1710ರಷ್ಟು ಹಿಂದಿನ ಚರಿತ್ರೆ ಹೇಳಿಕೊಳ್ಳುವ ಸ್ಮಿತಿಕ್ಸ್‌ನ ಕಿಲ್ಕೆನ್ನಿ ಕಾರ್ಖಾನೆ 2013ರ ಕೊನೆಗೆ ಬಾಗಿಲು ಹಾಕಿತು. ಎರಡೂ ಬಿಯರ್‌ಗಳು ಇಂದಿಗೂ ಸಿಗುತ್ತವೆ, ಬೇರೆ ಕಡೆ ತಯಾರಾಗುತ್ತವೆ. ಹೆಸರು ಉಳಿದು ಹುಟ್ಟಿದ ಮನೆ ಕಳಚಿಕೊಂಡಿತು.

ಇದಕ್ಕೆ ಎದುರಾಗಿ ಸಣ್ಣವರು ತಲೆಯೆತ್ತಿದ್ದು ಒಂದೇ ದಿನದಲ್ಲಿ ಅಲ್ಲ. ಉತ್ತರ ಐರ್ಲೆಂಡಿನ ಲಿಸ್ಬರ್ನ್ ಬಳಿಯ ಹಿಲ್ಡನ್ 1981ರಲ್ಲೇ ಆರಂಭವಾಗಿತ್ತು. 1996ರಲ್ಲಿ ಡಬ್ಲಿನ್ನಿನ ಟೆಂಪಲ್ ಬಾರ್‌ನಲ್ಲಿ ಪೋರ್ಟರ್‌ಹೌಸ್ ತನ್ನದೇ ಬಿಯರ್ ಕುದಿಸತೊಡಗಿತು. ಅದೇ ವರ್ಷ ಓ'ಹಾರಾಸ್ ಹೆಸರಿನ ಸ್ಟೌಟ್ ಮಾಡುವ ಕಾರ್ಲೋ ಬ್ರೂಯಿಂಗ್ ಕಂಪನಿ ಹುಟ್ಟಿತು. ಆದರೆ ಆ ತಲೆಮಾರಿನ ಹಲವರು ಕೆಲವೇ ವರ್ಷಗಳಲ್ಲಿ ಕೈಚೆಲ್ಲಿದರು. ಪಬ್ಬಿನಲ್ಲಿ ನಲ್ಲಿ, ಕೊಳವೆ, ತಂಪು ಯಂತ್ರ ಎಲ್ಲವನ್ನೂ ದೊಡ್ಡ ಕಂಪನಿಗಳೇ ಜೋಡಿಸಿ ಕೊಡುವಾಗ, ಸಣ್ಣವನೊಬ್ಬ ತನ್ನ ಒಂದು ನಲ್ಲಿಗೆ ಜಾಗ ಕೇಳುವುದು ಎಷ್ಟು ಕಷ್ಟವೆಂಬುದನ್ನು ಅಂಗಡಿ ನಡೆಸಿದವರು ಯಾರಾದರೂ ಊಹಿಸಬಲ್ಲರು.

ಚಿತ್ರ ಬದಲಾದದ್ದು 2005ರಲ್ಲಿ, ಅದೂ ತೆರಿಗೆಯ ಒಂದು ಸಾಲಿನಿಂದ. ವರ್ಷಕ್ಕೆ 20,000 ಹೆಕ್ಟೊಲೀಟರ್, ಅಂದರೆ 20 ಲಕ್ಷ ಲೀಟರ್ ಮೀರದ ಬಿಯರ್ ತಯಾರಕರಿಗೆ ಐರಿಶ್ ಸರ್ಕಾರ ಅಬ್ಕಾರಿ ಸುಂಕದಲ್ಲಿ ಅರ್ಧವನ್ನು ಬಿಟ್ಟುಕೊಟ್ಟಿತು; ಮಿತಿಯನ್ನು ಮುಂದೆ ಹಂತಹಂತವಾಗಿ ಏರಿಸಲಾಯಿತು. ಈ ರಿಯಾಯಿತಿಗೆ ಆಧಾರವಾದ ಐರೋಪ್ಯ ಒಕ್ಕೂಟದ ನಿರ್ದೇಶನದಲ್ಲಿ ಒಂದು ಷರತ್ತಿದೆ: ಆ ಕಾರ್ಖಾನೆ ಇನ್ನಾವುದೇ ಬಿಯರ್ ಕಾರ್ಖಾನೆಯಿಂದ ಕಾನೂನಿನ ದೃಷ್ಟಿಯಲ್ಲೂ ಆರ್ಥಿಕವಾಗಿಯೂ ಸ್ವತಂತ್ರವಾಗಿರಬೇಕು, ಬೇರೆಯದೇ ಆವರಣದಲ್ಲಿರಬೇಕು, ಇನ್ನೊಬ್ಬರ ಪರವಾನಗಿಯಡಿ ಅವರ ಬಿಯರ್ ಮಾಡುವಂತಿರಬಾರದು. ಉತ್ಸವದ ಫಲಕದ ಮೇಲೆ ಕವಿತೆಯಂತೆ ಕಾಣುವ "ಸ್ವತಂತ್ರ" ಎಂಬ ಪದದ ಹಿಂದೆ ಸುಂಕದ ಅಧಿಕಾರಿ ಬರೆದ ಒಣ ವ್ಯಾಖ್ಯೆಯೊಂದಿದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಈ ಇಡೀ ಚಳವಳಿಗೆ ಅನ್ನ ಹಾಕಿದ್ದು ಆ ವ್ಯಾಖ್ಯೆಯೇ. ಆ ಬಳಿಕ 2006ರಲ್ಲಿ ಗಾಲ್ವೇ ಹುಕ್ಕರ್, 2010ರಲ್ಲಿ ಡಂಗಾರ್ವನ್ ಹೀಗೆ ಒಂದೊಂದಾಗಿ ಬಂದವು.

ಸ್ವಾತಂತ್ರ್ಯವನ್ನು ಮಾರಿದವರೂ ಇದ್ದಾರೆ. ಕಾರ್ಕ್‌ನ ಫ್ರಾನ್ಸಿಸ್ಕನ್ ವೆಲ್ 2013ರಲ್ಲಿ ಮೋಲ್ಸನ್ ಕೂರ್ಸ್ ಎಂಬ ದೊಡ್ಡ ಬಿಯರ್ ಕಂಪನಿಯ ಪಾಲಾಯಿತು. ಮಿಚೆಲ್ಸ್‌ಟೌನ್‌ನ ಎಯ್ಟ್ ಡಿಗ್ರೀಸ್ ಅನ್ನು 2018ರಲ್ಲಿ ಜೇಮ್ಸನ್ ವಿಸ್ಕಿ ಮಾಡುವ ಐರಿಶ್ ಡಿಸ್ಟಿಲ್ಲರ್ಸ್ ಕೊಂಡುಕೊಂಡಿತು. ಸಾಲ ಮಾಡಿ ಹತ್ತು ವರ್ಷ ಬೆವರು ಹರಿಸಿದವರು ಒಳ್ಳೆಯ ಬೆಲೆ ಬಂದಾಗ ಕೊಟ್ಟರೆ ಅದನ್ನು ದ್ರೋಹ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಮನಸ್ಸು ಕಹಿಯಾಗುವುದು ವೇಷ ಹಾಕಿದಾಗ. ದೊಡ್ಡ ಕಂಪನಿಗಳ ಬಿಯರಿಗೇ ಊರಿನ ಹೆಸರಿಟ್ಟು, ಸ್ಥಳೀಯ ಸಣ್ಣ ತಯಾರಕರ "ಕ್ರಾಫ್ಟ್" ಬಿಯರ್ ಎಂಬಂತೆ ಕೆಲವು ಪಬ್ಬುಗಳಲ್ಲಿ ಮಾರುತ್ತಿದ್ದುದು 2016ರಲ್ಲಿ ಬಯಲಾಗಿ, ಆಹಾರ ಸುರಕ್ಷತಾ ಪ್ರಾಧಿಕಾರ ವಿಚಾರಣೆ ನಡೆಸಬೇಕಾಯಿತು. ಮಾಡಿದವನು ಎದುರು ನಿಂತಿರುವ ಉತ್ಸವದಲ್ಲಿ ಆ ವೇಷ ಹಾಕುವುದು ಅಷ್ಟು ಸುಲಭವಲ್ಲ.

ಪ್ರಶ್ನೆ: "ಆರ್ಟಿಸನ್" (ಕುಶಲ ಕೈಕೆಲಸದ್ದು) ಎಂದು ಈಗ ಬೆಂಗಳೂರಿನ ಬಿಸ್ಕತ್ತಿನ ಪೊಟ್ಟಣದ ಮೇಲೂ ಬರೆದಿರುತ್ತಾರೆ. ಐರ್ಲೆಂಡಿನಲ್ಲಿ ಆ ಪದಕ್ಕೆ ಏನಾದರೂ ಲೆಕ್ಕಾಚಾರ ಇದೆಯೆ?
(ಬೇಕರಿ ಮಾಲೀಕರು, ಪುತ್ತೂರು)

ಉತ್ತರ: ಇದೆ, ಕಿಲೋಗ್ರಾಂ ಲೆಕ್ಕದಲ್ಲೇ ಇದೆ. ಐರ್ಲೆಂಡಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಇಂಥ ಮಾರಾಟದ ಪದಗಳಿಗೆ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ "ಆರ್ಟಿಸನ್" ಎನ್ನಬೇಕಾದರೆ ಪದಾರ್ಥವನ್ನು ನುರಿತ ಕೈಗಳು ಸೀಮಿತ ಪ್ರಮಾಣದಲ್ಲಿ, ವಾರಕ್ಕೆ ಸರಾಸರಿ 1,000 ಕಿಲೋ ಅಥವಾ 1,000 ಲೀಟರಿಗಿಂತ ಕಡಿಮೆ, ಮಾಡಿರಬೇಕು. ತಯಾರಿಕೆ ಪೂರ್ತಿ ಯಂತ್ರದ್ದಾಗಿರದೆ ಸಾಂಪ್ರದಾಯಿಕ ವಿಧಾನವನ್ನು ಅನುಸರಿಸಬೇಕು. ಹತ್ತು ಜನರಿಗಿಂತ ಕಡಿಮೆ ಕೆಲಸಗಾರರಿರುವ ಕಿರು ಉದ್ಯಮವೊಂದು ಒಂದೇ ಸ್ಥಳದಲ್ಲಿ ಮಾಡಬೇಕು. ಮುಖ್ಯ ಸಾಮಗ್ರಿ ಋತುಮಾನಕ್ಕೆ ತಕ್ಕಂತೆ, ಸಾಧ್ಯವಾದಷ್ಟು ಆಸುಪಾಸಿನದೇ ಆಗಿರಬೇಕು. ನಿಮ್ಮ ಬೇಕರಿ ಇದರಲ್ಲಿ ಪಾಸಾಗುತ್ತದೆ ಎಂಬುದು ನನ್ನ ಊಹೆ. ನೀವು ಹೇಳಿದ ಬಿಸ್ಕತ್ತು ಪಾಸಾಗಲಾರದು.

ಇದರ ಮೇಲೆ ಊರಿನ ಹೆಸರಿಗೇ ಐರೋಪ್ಯ ಒಕ್ಕೂಟದ ರಕ್ಷಣೆ ಪಡೆದ ತಿನಿಸುಗಳೂ ಅಲ್ಲಿವೆ. ವಾಟರ್‌ಫರ್ಡ್‌ನ "ಬ್ಲಾ" ಎಂಬ, ಮೇಲೆ ಬಿಳಿ ಹಿಟ್ಟು ಉದುರಿಸಿದ ಮೆತ್ತನೆಯ ಬನ್ನಿಗೆ 2013ರಲ್ಲಿ ಆ ಮುದ್ರೆ ಸಿಕ್ಕಿತು. ಧಾರವಾಡ ಪೇಡೆಗೆ ಇರುವ ಭೌಗೋಳಿಕ ಸೂಚಿಕೆಯ ಅಣ್ಣತಮ್ಮಂದಿರು ಇವು ಎಂದರೆ ತಪ್ಪಾಗದು.

ಪ್ರಶ್ನೆ: ನಮ್ಮ ಮಗ ಡಬ್ಲಿನ್ನಿನಲ್ಲಿ ಕೆಲಸದಲ್ಲಿದ್ದಾನೆ. ಅವನನ್ನು ನೋಡಲು ಹೋದಾಗ ಇಂಥ ಉತ್ಸವಕ್ಕೆ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಾನೆ. ನಾವು ದಂಪತಿ ಸಸ್ಯಾಹಾರಿಗಳು, ಮದ್ಯ ಮುಟ್ಟುವವರಲ್ಲ. ನಮಗೆ ಅಲ್ಲಿ ಏನಿದೆ?
(ಹಿರಿಯ ಓದುಗರು, ಮೈಸೂರು)

ಉತ್ತರ: ಧೈರ್ಯವಾಗಿ ಹೋಗಿ, ಆದರೆ ಬಾಯಿಗೆ ಹಾಕುವ ಮುನ್ನ ಪ್ರಶ್ನೆ ಕೇಳಿ. ಉತ್ಸವದ ದೊಡ್ಡ ಅನುಕೂಲವೇ ಅದು: ಉತ್ತರ ಗೊತ್ತಿರುವ ಮನುಷ್ಯ ಎದುರಿಗೇ ಇರುತ್ತಾನೆ.

ಚೀಸ್‌ನಿಂದ ಆರಂಭಿಸೋಣ. ಹಾಲು ಒಡೆಯಲು ಬಳಸುವ ರೆನೆಟ್ ಸಾಂಪ್ರದಾಯಿಕವಾಗಿ ಎಳೆಗರುವಿನ ಹೊಟ್ಟೆಯಿಂದ ತೆಗೆದದ್ದು. ಸೂಕ್ಷ್ಮಜೀವಿಗಳಿಂದ ಪಡೆದ ಸಸ್ಯಾಹಾರಿ ರೆನೆಟ್ ಕೂಡ ಇದೆ, ಐರ್ಲೆಂಡಿನ ಅನೇಕ ಸಣ್ಣ ತಯಾರಕರು ಅದನ್ನೇ ಬಳಸುತ್ತಾರೆ. ಟಿಪರೇರಿಯ ಕ್ಯಾಶೆಲ್ ಬ್ಲೂ ಎಂಬ ನೀಲಿ ಗೆರೆಗಳ ಚೀಸ್ ಸಸ್ಯಾಹಾರಿಗಳಿಗೆ ಸಲ್ಲುವಂಥದು. ಒಂದೇ ಮೇಜಿನ ಮೇಲೆ ಎರಡೂ ಬಗೆಯವು ಇರಬಹುದಾದ್ದರಿಂದ "ಯಾವ ರೆನೆಟ್?" ಎಂದು ಪ್ರತಿ ತುಂಡಿಗೂ ಕೇಳುವುದು ಒಳ್ಳೆಯದು. ಕೇಳಿದರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ, ಖುಷಿಯಿಂದ ಹತ್ತು ನಿಮಿಷ ಪಾಠ ಮಾಡುತ್ತಾರೆ.

ಪುಡಿಂಗ್ ಎಂಬ ಹೆಸರು ನೋಡಿ ಸಿಹಿ ಎಂದು ಮೋಸಹೋಗಬೇಡಿ. ಬ್ಲ್ಯಾಕ್ ಪುಡಿಂಗ್ ಎಂದರೆ ಹಂದಿಯ ರಕ್ತ ಮತ್ತು ಓಟ್ಸ್ ಸೇರಿಸಿ ಮಾಡಿದ ಸಾಸೇಜ್. ವೈಟ್ ಪುಡಿಂಗ್‌ನಲ್ಲಿ ರಕ್ತವಿರುವುದಿಲ್ಲ, ಮಾಂಸ ಇದ್ದೇ ಇರುತ್ತದೆ. ಆದರೆ ಕ್ಯಾರಗೀನ್ ಪುಡಿಂಗ್ ಎಂಬುದು ನಿಜವಾಗಿಯೂ ಸಿಹಿಯೇ: ಕಡಲ ಬಂಡೆಗಳ ಮೇಲೆ ಬೆಳೆಯುವ ಪಾಚಿಯನ್ನು ಹಾಲಿನಲ್ಲಿ ಕುದಿಸಿ ಗಟ್ಟಿ ಮಾಡಿದ ತಿನಿಸು, ನಮ್ಮಲ್ಲಿ ಚೈನಾ ಗ್ರಾಸ್‌ನಿಂದ ಮಾಡುವ ಸಿಹಿಯಂತೆಯೇ. ಅದರಲ್ಲಿ ಕೆಲವರು ಮೊಟ್ಟೆ ಹಾಕುತ್ತಾರೆ, ಅದನ್ನೂ ಕೇಳಿ. ಸೋಡಾ ಬ್ರೆಡ್ಡು, ಬೆಣ್ಣೆ, ಹಣ್ಣಿನ ಜಾಮುಗಳಿಗೆ ಯಾವ ಅಡ್ಡಿಯೂ ಇಲ್ಲ. ಬೆಣ್ಣೆಯ ಗಾಢ ಹಳದಿ ನೋಡಿ ಬಣ್ಣ ಹಾಕಿದ್ದಾರೆ ಎಂದು ನನ್ನ ಜೊತೆ ಬಂದಿದ್ದವರೊಬ್ಬರು ಶಂಕಿಸಿದರು. ವರ್ಷದ ಬಹುಪಾಲು ಹಸಿ ಹುಲ್ಲು ಮೇಯುವ ಹಸುವಿನ ಬೆಣ್ಣೆಗೆ ಹುಲ್ಲಿನ ಕ್ಯಾರೊಟಿನ್ ಕೊಡುವ ಬಣ್ಣ ಅದು. ಎಮ್ಮೆ ಆ ಕ್ಯಾರೊಟಿನ್ನನ್ನು ಒಳಗೇ ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವುದರಿಂದ ನಮ್ಮ ಎಮ್ಮೆ ಬೆಣ್ಣೆ ಬೆಳ್ಳಗಿರುತ್ತದೆ.

ಕುಡಿಯಲು ಸೇಬಿನ ರಸ ಕೇಳಿ. ಸೈಡರ್ ಎಂದರೆ ಆ ದೇಶದಲ್ಲಿ ಹುಳಿಸಿದ, ಮದ್ಯಾಂಶವಿರುವ ಸೇಬಿನ ಪಾನೀಯವೇ ಎಂಬುದು ನೆನಪಿರಲಿ. ಎಷ್ಟೋ ತೋಟದವರು ಹುಳಿಸದ ರಸವನ್ನೂ ಬಾಟಲಿಗೆ ತುಂಬಿ ತರುತ್ತಾರೆ. ಕಿಲ್ಕೆನ್ನಿ ಸೀಮೆಯ ಹೈಬ್ಯಾಂಕ್ ತೋಟದವರು ಸೇಬಿನ ರಸವನ್ನು ಜೋನಿಬೆಲ್ಲದ ಹದಕ್ಕೆ ಕುದಿಸಿ ಪಾಕ ಮಾಡುತ್ತಾರೆ; ದೋಸೆಯ ಜೊತೆ ಅದನ್ನು ತಿಂದು ನೋಡಿದವನು ಹೇಳುತ್ತಿದ್ದೇನೆ, ಒಂದು ಬಾಟಲಿ ತನ್ನಿ.

ಬಿಯರ್ ಕುಡಿಯುವ ಸಸ್ಯಾಹಾರಿ ಮಕ್ಕಳಿಗಾಗಿ ಒಂದು ಮಾತು. ಬಿಯರನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಎಂಬ ವಸ್ತುವನ್ನು ಬಳಸುವ ಹಳೆಯ ಪದ್ಧತಿಯಿದೆ. ಗಿನ್ನೆಸ್‌ನವರು ಅದನ್ನು ಕೈಬಿಡುವುದಾಗಿ ಘೋಷಿಸಿದ್ದೇ 2015ರಲ್ಲಿ. ಪೋರ್ಟರ್‌ಹೌಸ್‌ನ ಆಯ್‌ಸ್ಟರ್ ಸ್ಟೌಟ್‌ನಲ್ಲಂತೂ ಹೆಸರು ಸುಳ್ಳಲ್ಲ, ನಿಜವಾದ ಸಿಂಪಿಗಳನ್ನೇ ಹಾಕಿರುತ್ತಾರೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಆರು ಹಸುಗಳಿವೆ. ನಿಮ್ಮ ಟಿಪ್ಪಣಿಯಲ್ಲಿ ರೈತ ಮಹಿಳೆಯರು ಮನೆಯಲ್ಲೇ ಚೀಸ್ ಮಾಡಿ ಹೆಸರು ಗಳಿಸಿದ ಪ್ರಸ್ತಾಪವಿತ್ತು. ಅದನ್ನು ವಿವರವಾಗಿ ತಿಳಿಸುವಿರಾ?
(ಕೃಷಿಕ ಮಹಿಳೆ, ಶಿರಸಿ ತಾಲ್ಲೂಕು)

ಉತ್ತರ: ಮೊದಲಿಗೆ ಪದದ ವಿಚಾರ. ನಿಘಂಟುಗಳು ಚೀಸ್‌ಗೆ "ಗಿಣ್ಣು" ಎಂದು ಕೊಡುತ್ತವೆ. ಕರು ಹಾಕಿದ ಹಸುವಿನ ಮೊದಲ ಹಾಲಿನ ಸಿಹಿ ಗಿಣ್ಣು ಬಲ್ಲ ನಿಮಗೆ ಈ ಗೊಂದಲ ಬೇಡವೆಂದು ಚೀಸ್ ಎಂದೇ ಬರೆಯುತ್ತೇನೆ.

ಹಾಲಿನ ಹೊಳೆಯೇ ಹರಿಯುವ ಐರ್ಲೆಂಡಿನಲ್ಲಿ ಐವತ್ತು ವರ್ಷಗಳ ಹಿಂದೆ ಹಳ್ಳಿಮನೆಯ ಚೀಸ್ ಹೆಚ್ಚುಕಡಿಮೆ ಇರಲೇ ಇಲ್ಲ ಎಂದರೆ ನಂಬುವುದು ಕಷ್ಟ. ಮಧ್ಯಯುಗದ ಐರಿಶ್ ಬರಹಗಳಲ್ಲಿ ಬಗೆಬಗೆಯ ಚೀಸ್‌ಗಳ ಹೆಸರುಗಳಿವೆ. 18ನೇ ಶತಮಾನದ ಹೊತ್ತಿಗೆ ಆ ವಿದ್ಯೆ ಅಳಿಯಿತು. ಹಾಲಿನ ಕೊಬ್ಬೆಲ್ಲ ಬೆಣ್ಣೆಯಾಗಿ ಕಾರ್ಕ್ ಬಂದರಿನಿಂದ ಹಡಗೇರತೊಡಗಿತ್ತು. ಮುಂದೆ ಹಳ್ಳಿಗಳಿಗೆ ಡೇರಿಗಳು ಬಂದವು, ರೈತನ ಕೆಲಸ ಕ್ಯಾನು ತುಂಬಿಸಿ ಕೊಡುವಲ್ಲಿಗೆ ಮುಗಿಯಿತು.

ಅದು ಮತ್ತೆ ಚಿಗುರಿದ್ದು 1970ರ ದಶಕದಲ್ಲಿ, ನೈರುತ್ಯ ಮೂಲೆಯ ಬೇರಾ ಪರ್ಯಾಯ ದ್ವೀಪದಲ್ಲಿ. ವೆರೋನಿಕಾ ಸ್ಟೀಲ್ ಮತ್ತು ಅವರ ಪತಿ ನಾರ್ಮನ್ ಅವರ ಮನೆಯಲ್ಲಿ ಬ್ರಿಸ್ಕೆಟ್ ಎಂಬ ಒಂದೇ ಕೊಂಬಿನ ಹಸುವಿತ್ತು. ಅದು ಕೊಡುತ್ತಿದ್ದ ಹಾಲು ಮನೆಗೆ ಮಿಗುತ್ತಿತ್ತು. ಮಿಕ್ಕಿದ್ದನ್ನು ಏನು ಮಾಡುವುದೆಂದು ವೆರೋನಿಕಾ ಒಲೆಯ ಬಳಿ ಪ್ರಯೋಗಕ್ಕಿಳಿದರು. ಅದೇ 1976ರ ಸುಮಾರಿಗೆ ಮಿಲ್ಲೀನ್ಸ್ ಎಂಬ ಚೀಸ್ ಆಯಿತು. ಆಮೇಲೆ ಇತರರೂ ಮುಂದೆ ಬಂದರು: 1979ರಲ್ಲಿ ಜೆಫಾ ಗಿಲ್ ಅವರ ಡರಸ್, ಅದೇ ಕಾಲಕ್ಕೆ ಸ್ಕಲ್ ಬಳಿಯ ಫರ್ಗುಸನ್ ದಂಪತಿಯ ಗಬೀನ್, 1984ರಲ್ಲಿ ಗ್ರಬ್ ದಂಪತಿಯ ಕ್ಯಾಶೆಲ್ ಬ್ಲೂ. ಬ್ಯಾಲಿಮಲೂ ಎಂಬ ತಮ್ಮ ತೋಟದ ಮನೆಯಲ್ಲಿ 1964ರಲ್ಲಿ ಹೋಟೆಲು ತೆರೆದು, ಆಸುಪಾಸಿನ ರೈತರು ತಂದದ್ದನ್ನೇ ಅಡುಗೆ ಮಾಡಿ ಬಡಿಸುತ್ತಿದ್ದ ಮರ್ಟಲ್ ಆಲೆನ್ ಇಂಥವರಿಗೆ ಬೆನ್ನೆಲುಬಾದರು.

ಈ ಚೀಸ್‌ಗಳಲ್ಲಿ ಹಲವು ತೊಳೆದ ಸಿಪ್ಪೆಯ ಬಗೆಯವು. ಗುಂಡಗೆ ಹಾಕಿದ ಚೀಸನ್ನು ಉಪ್ಪುನೀರಿನಲ್ಲಿ ಮತ್ತೆ ಮತ್ತೆ ಒರೆಸಿ ಹಣ್ಣಾಗಿಸುತ್ತಾರೆ. ಅಟ್ಲಾಂಟಿಕ್‌ನಿಂದ ಬೀಸುವ ತೇವದ ಗಾಳಿಯಲ್ಲಿ ಅದರ ಮೇಲೆ ಕಿತ್ತಳೆ ಬಣ್ಣದ ಅಂಟು ಪದರ ಕಟ್ಟುತ್ತದೆ. ವಾಸನೆ ಮಳೆಗಾಲದಲ್ಲಿ ಬಿಚ್ಚಿಟ್ಟ ಕಾಲುಚೀಲದ್ದು, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಒಳಗಿನ ತಿರುಳಿಗೆ ಬೆಣ್ಣೆಯ, ಹುರಿದ ಗೋಡಂಬಿಯ ರುಚಿ. ಮೂಗು ಹಿಡಿದು ತಿಂದ ನಾನು ಎರಡನೆಯ ತುಂಡಿಗೆ ಕೈ ಚಾಚಿದೆ.

ನಿಮ್ಮ ಸೀಮೆಯಲ್ಲೂ ತೇವಕ್ಕೆ ಬರವಿಲ್ಲ, ಆದರೆ ಅಲ್ಲಿ ಚೀಸ್ ಹಣ್ಣಾಗುವುದು ಹತ್ತು, ಹದಿನೈದು ಡಿಗ್ರಿ ತಂಪಿನಲ್ಲಿ. ಆ ತಂಪನ್ನು ನೀವು ವಿದ್ಯುತ್ತಿನಿಂದ ಕೊಳ್ಳಬೇಕಾಗುತ್ತದೆ. ಆರು ಹಸುಗಳ ಹಾಲಿಗೆ ಹೊಸದಾಗಿ ಮಾಡಿ ಹೊಸದಾಗಿಯೇ ಮಾರುವ ಮೆತ್ತನೆಯ ಚೀಸ್‌ನಿಂದ ಆರಂಭಿಸುವುದು ಕ್ಷೇಮ. ಆಹಾರ ಸುರಕ್ಷತಾ ನೋಂದಣಿಯನ್ನು ಮಾತ್ರ ಮೊದಲ ದಿನವೇ ಮಾಡಿಸಿ.

ಪ್ರಶ್ನೆ: ಪೋಚೀನ್ ಎಂದರೆ ಐರ್ಲೆಂಡಿನ ಕಳ್ಳಭಟ್ಟಿ ಎಂದು ಕೇಳಿದ್ದೇನೆ. ಅದನ್ನೂ ಉತ್ಸವದಲ್ಲಿ ಬಹಿರಂಗವಾಗಿ ಮಾರುತ್ತಾರೆಯೆ?
(ಓದುಗರೊಬ್ಬರು, ಕಲಬುರಗಿ)

ಉತ್ತರ: ಮಾರುತ್ತಾರೆ, ತೆರಿಗೆ ಕಟ್ಟಿ, ಚೀಟಿ ಅಂಟಿಸಿ. ಸಣ್ಣ ಮಡಕೆ ಎಂಬರ್ಥದ ಪದದಿಂದ ಬಂದ ಹೆಸರು ಅದು. ತೆರಿಗೆ ಕಟ್ಟದ ಮನೆಭಟ್ಟಿಗಳನ್ನು 1661ರಲ್ಲಿ ಕಾನೂನುಬಾಹಿರವೆಂದು ಸಾರಿದ ಮೇಲೆ ಮೂರು ಶತಮಾನಗಳಿಗೂ ಹೆಚ್ಚು ಕಾಲ ಅದು ಬೆಟ್ಟದ ಮರೆಯಲ್ಲಿ, ಹೊಗೆ ಕಾಣದ ಗಾಳಿಯ ದಿನಗಳಲ್ಲಿ ಇಳಿಯುತ್ತಿತ್ತು. 1997ರಲ್ಲಿ ಪರವಾನಗಿ ಪಡೆದವರಿಗೆ ದೇಶದೊಳಗೆ ಮಾರಲು ಅನುಮತಿ ಸಿಕ್ಕಿತು, 2008ರಲ್ಲಿ ಐರೋಪ್ಯ ಭೌಗೋಳಿಕ ಸೂಚಿಕೆಯೂ ಬಂತು. ಮೂರು ವರ್ಷ ಮರದ ಪೀಪಾಯಿಯಲ್ಲಿ ಕೂರಲೇಬೇಕಾದ ಐರಿಶ್ ವಿಸ್ಕಿಯ ಮುಂದೆ ಇದು ಬಣ್ಣವಿಲ್ಲದ, ಒರಟು ಮಾತಿನ ಹಳ್ಳಿಯ ನೆಂಟ. ಒಂದು ಗುಟುಕಿಗೆ ನನ್ನ ಕಿವಿ ಬೆಚ್ಚಗಾಯಿತು; ಎರಡನೆಯದನ್ನು ಕೇಳಲಿಲ್ಲ.

ಪ್ರಶ್ನೆ: ಕುಟುಂಬಗಳು ಓದುವ ಪತ್ರಿಕೆಯಲ್ಲಿ ಮದ್ಯದ ಉತ್ಸವವನ್ನು ಹೊಗಳಿ ಬರೆಯುವುದು ಸರಿಯೆ?
(ಶಿಕ್ಷಕಿ, ಬೆಳಗಾವಿ)

ಉತ್ತರ: ನಿಮ್ಮ ಆಕ್ಷೇಪವನ್ನು ತಳ್ಳಿಹಾಕುವುದಿಲ್ಲ. ಕುಡಿತದಿಂದ ಐರ್ಲೆಂಡ್ ಪಟ್ಟ ಪಾಡು ಸಣ್ಣದಲ್ಲ. ಪಾನನಿರೋಧದ ಅತಿ ದೊಡ್ಡ ಚಳವಳಿಗಳಲ್ಲಿ ಒಂದು, ಪಾದ್ರಿ ಥಿಯೊಬಾಲ್ಡ್ ಮ್ಯಾಥ್ಯೂ 1838ರಲ್ಲಿ ಆರಂಭಿಸಿದ್ದು, ಹುಟ್ಟಿದ್ದೂ ಅದೇ ಕಾರ್ಕ್ ನಗರದಲ್ಲಿ. ಇಂದಿನ ಕಾನೂನೂ ಮೃದುವಲ್ಲ. 2018ರ ಸಾರ್ವಜನಿಕ ಆರೋಗ್ಯ ಕಾಯ್ದೆಯ ಮೇರೆಗೆ 2022ರ ಜನವರಿಯಿಂದ ಮದ್ಯಾಂಶದ ಪ್ರತಿ ಗ್ರಾಂಗೆ ಕನಿಷ್ಠ 10 ಸೆಂಟ್ ಬೆಲೆ ಇರಲೇಬೇಕು. ಅಗ್ಗದ ಡಬ್ಬಿಗಳನ್ನು ರಾಶಿ ಹಾಕಿ ಮಾರುವಂತಿಲ್ಲ. ಹದಿನೆಂಟು ತುಂಬದವರಿಗೆ ಕೊಡುವಂತಿಲ್ಲ. ವಾಹನ ಚಾಲಕರ ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯಾಂಶದ ಮಿತಿ, ಹೊಸಬರಿಗೂ ವೃತ್ತಿಪರ ಚಾಲಕರಿಗೂ 20. ಉತ್ಸವದಲ್ಲಿ ಅರ್ಧ ಪೈಂಟ್, ಅಂದರೆ 284 ಮಿಲಿಲೀಟರಿನ ಲೋಟದಲ್ಲಿ ನಿಧಾನವಾಗಿ ಹೀರಿ ಚರ್ಚಿಸುವವರೇ ಹೆಚ್ಚಾಗಿ ಕಂಡರು. ಆದರೆ ಸಂಜೆ ಏಳರ ಮೇಲೆ ಸಭಾಂಗಣದ ಸದ್ದು ಏರಿತ್ತು ಎಂಬುದನ್ನೂ ಹೇಳಬೇಕು. ಮೈಸೂರಿನ ಹಿರಿಯರು ಮಧ್ಯಾಹ್ನವೇ ಹೋಗಿ ಬರುವುದು ಲೇಸು.

ಪ್ರಶ್ನೆ: ಸ್ಟೌಟ್ ಲೋಟದಲ್ಲಿ ಗುಳ್ಳೆಗಳು ಮೇಲೆ ಹೋಗುವ ಬದಲು ಕೆಳಗೆ ಇಳಿಯುತ್ತವೆ ಎಂದು ಬರೆದಿದ್ದಿರಿ. ಇದು ಹೇಗೆ ಸಾಧ್ಯ?
(ವಿಜ್ಞಾನ ವಿದ್ಯಾರ್ಥಿ, ಉಡುಪಿ)

ಉತ್ತರ: ಲಿಮರಿಕ್ ವಿಶ್ವವಿದ್ಯಾಲಯದ ಗಣಿತಜ್ಞರು 2012ರಲ್ಲಿ ಇದಕ್ಕೆ ಲೋಟದ ಆಕಾರ ಕಾರಣವೆಂದು ತೋರಿಸಿದರು. ಮೇಲೆ ಅಗಲ, ಕೆಳಗೆ ಕಿರಿದಾದ ಲೋಟದಲ್ಲಿ ಗುಳ್ಳೆಗಳು ನೇರ ಮೇಲಕ್ಕೇರುವಾಗ ಓರೆ ಗೋಡೆಯಿಂದ ದೂರ ಸರಿಯುತ್ತವೆ. ಗೋಡೆಯ ಬಳಿ ಗುಳ್ಳೆ ಕಡಿಮೆಯಾಗಿ ದ್ರವ ಭಾರವಾಗುತ್ತದೆ, ಕೆಳಗೆ ಹರಿಯುತ್ತದೆ, ಅಲ್ಲಿದ್ದ ಪುಟ್ಟ ಗುಳ್ಳೆಗಳನ್ನೂ ಎಳೆದುಕೊಂಡು ಹೋಗುತ್ತದೆ. ನಡುವಿನ ಗುಳ್ಳೆಗಳು ಮೇಲೆಯೇ ಹೋಗುತ್ತಿರುತ್ತವೆ, ಕಪ್ಪು ದ್ರವದಲ್ಲಿ ನಮಗೆ ಕಾಣುವುದಿಲ್ಲ ಅಷ್ಟೆ. ಸ್ಟೌಟ್‌ನಲ್ಲಿ ನೈಟ್ರೋಜನ್ ಬೆರೆಸುವುದರಿಂದ ಗುಳ್ಳೆ ತೀರ ಸಣ್ಣದಾಗಿದ್ದು ಸುಲಭವಾಗಿ ಎಳೆತಕ್ಕೆ ಸಿಗುತ್ತದೆ. ಲೋಟವನ್ನು ಬೋರಲಾದ ಆಕಾರಕ್ಕೆ ತಿರುಗಿಸಿ ಲೆಕ್ಕ ಹಾಕಿದರೆ ಗುಳ್ಳೆ ಗೋಡೆಯ ಬಳಿಯೂ ಮೇಲಕ್ಕೇ ಹೋಗುತ್ತದೆ.

ಪ್ರಶ್ನೆ: ಮಜ್ಜಿಗೆ ಹಾಕಿ ಮಾಡುವ ಸೋಡಾ ಬ್ರೆಡ್ಡನ್ನು ನಮ್ಮ ಮನೆಯ ಓವನ್ನಿನಲ್ಲಿ ಮಾಡಬಹುದೆ?
(ಗೃಹಿಣಿ, ಹಾಸನ)

ಉತ್ತರ: ಮಾಡಬಹುದು, ನಾನು ಮೂರು ಸಲ ಕೆಡಿಸಿದ ಮೇಲೆ ನಾಲ್ಕನೆಯ ಸಲ ಬಂತು. ಮೊದಲ ಸಲ ಹಿಟ್ಟನ್ನು ಚಪಾತಿಗೆ ನಾದುವ ನಮ್ಮ ಅಭ್ಯಾಸದಂತೆ ಚೆನ್ನಾಗಿ ನಾದಿದೆ. ಬಂದದ್ದು ಗೋಡೆಗೆ ಹೊಡೆಯಬಹುದಾದ ಇಟ್ಟಿಗೆ. ಐರ್ಲೆಂಡಿನ ತಂಪು, ತೇವದ ಹವೆಯಲ್ಲಿ ಬೆಳೆಯುವ ಗೋಧಿಯಲ್ಲಿ ಜಿಗುಟು ಕಡಿಮೆ, ಯೀಸ್ಟಿನ ಬ್ರೆಡ್ಡಿಗೆ ಅದು ಅಷ್ಟಾಗಿ ಒಗ್ಗುವುದಿಲ್ಲ. ಅಡುಗೆ ಸೋಡಾ 1830ರ ದಶಕದಲ್ಲಿ ಅಲ್ಲಿಗೆ ಬಂದಾಗ, ಬೆಣ್ಣೆ ಕಡೆದು ಉಳಿದ ಹುಳಿ ಮಜ್ಜಿಗೆ ಪ್ರತಿ ಮನೆಯಲ್ಲೂ ಇತ್ತು. ಹುಳಿಯೂ ಸೋಡಾವೂ ಕೂಡಿದರೆ ಅನಿಲ, ಕಾಯಬೇಕಿಲ್ಲ, ನಾದಬೇಕಿಲ್ಲ.

ಮೈದಾ ಮತ್ತು ಗೋಧಿ ಹಿಟ್ಟು ಅರ್ಧರ್ಧ ಸೇರಿಸಿ 450 ಗ್ರಾಂ ತೆಗೆದುಕೊಳ್ಳಿ. ಒಂದು ಸಣ್ಣ ಚಮಚ ಉಪ್ಪು, ಒಂದು ಸಣ್ಣ ಚಮಚ ಅಡುಗೆ ಸೋಡಾ, ಗಂಟಿಲ್ಲದಂತೆ ಜರಡಿ ಹಿಡಿದು. ನನ್ನ ಎರಡನೆಯ ಸೋಲಿಗೆ ಬೇಕಿಂಗ್ ಪೌಡರ್ ಹಾಕಿದ್ದು ಕಾರಣ, ಮೂರನೆಯದಕ್ಕೆ ನಾವು ಕುಡಿಯುವ ನೀರು ಮಜ್ಜಿಗೆ. ಹುಳಿ ಬಂದ ಮೊಸರನ್ನು ಸ್ವಲ್ಪವೇ ನೀರು ಹಾಕಿ ಕಡೆದು, ಇಡ್ಲಿ ಹಿಟ್ಟಿಗಿಂತ ತುಸು ತೆಳ್ಳಗೆ ಮಾಡಿಕೊಳ್ಳಿ. ಸುಮಾರು 350 ರಿಂದ 400 ಮಿಲಿಲೀಟರ್ ಬೇಕಾದೀತು. ಹಿಟ್ಟಿನ ನಡುವೆ ಗುಂಡಿ ಮಾಡಿ ಒಮ್ಮೆಗೇ ಸುರಿದು, ಬೆರಳುಗಳನ್ನು ಬಿಡಿಸಿ ಹಿಡಿದ ಒಂದೇ ಕೈಯಿಂದ ಸುತ್ತುತ್ತಾ ಕೂಡಿಸಿ. ಹಿಟ್ಟು ಒಂದಾದ ಕ್ಷಣವೇ ಕೈ ತೆಗೆಯಬೇಕು. ಗುಂಡಗೆ ತಟ್ಟಿ, ಮೇಲೆ ಆಳವಾಗಿ ಅಡ್ಡಉದ್ದ ಎರಡು ಗೀರು ಹಾಕಿ. ಯಕ್ಷಿಣಿಯರು ಹೊರಗೆ ಹೋಗಲಿ ಎಂದು ಈ ಗೀರು ಎಂಬುದು ಅಲ್ಲಿನ ಅಜ್ಜಿಯರ ಮಾತು. ನಡುಭಾಗ ಬೇಯಲಿ ಎಂಬುದು ಓವನ್ನಿನ ಮಾತು. 230 ಡಿಗ್ರಿಯಲ್ಲಿ ಹದಿನೈದು ನಿಮಿಷ, ಆಮೇಲೆ 200ಕ್ಕೆ ಇಳಿಸಿ ಅರ್ಧ ಗಂಟೆ. ತಿರುವಿ ಹಾಕಿ ತಳವನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಖಾಲಿ ಡಬ್ಬದ ಸದ್ದು ಬಂದರೆ ಬೆಂದಿದೆ. ಅಂದೇ ತಿನ್ನಿ, ಮಾರನೆಯ ದಿನಕ್ಕೆ ಗಟ್ಟಿಯಾಗುತ್ತದೆ, ಆಗ ಹೆಂಚಿನ ಮೇಲೆ ಎರಡೂ ಬದಿ ಬಿಸಿ ಮಾಡಿ ಬೆಣ್ಣೆ ಹಚ್ಚಿಕೊಳ್ಳಬೇಕು.